ನೀಲಗಿರಿಯ ಹುಲ್ಲುಗಾವಲುಗಳ ಪುನರುದ್ಧಾರ: ಒಂದು ಚಾರಿತ್ರಿಕ ವಿವೇಚನೆ

ಕನ್ನಡದಲ್ಲಿ ‘ನೀಲಗಿರಿ’ ಎಂಬ ಶಬ್ದಕ್ಕೆ ಇಂದು ಎರಡು ಅರ್ಥಗಳಿವೆ. ಒಂದು, ಮೈಸೂರು ಸೀಮೆಯ ದಕ್ಷಿಣಕ್ಕಿರುವ ಪರ್ವತಶ್ರೇಣಿ; ಇನ್ನೊಂದು, ಆಸ್ಟ್ರೇಲಿಯ ಮೂಲದ ಯೂಕಲಿಪ್ಟಸ್ ಮರ. ಪರದೇಶದ ಮರವೊಂದು ಬೆಟ್ಟದ ಹೆಸರನ್ನೇ ತನ್ನದಾಗಿಸಿಕೊಂಡಿತೆಂಬುದರಲ್ಲಿ ಆ ಮಲೆಯ ಎರಡು ಶತಮಾನಗಳ ಚರಿತ್ರೆಯೇ ಅಡಗಿದೆಯೆಂದರೆ ತಪ್ಪಾಗಲಾರದು.

ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸನು ತೋಡರನ್ನು ಬೆದರಿಸಿ ನೀಲಾದ್ರಿಯನ್ನು ವಶಪಡಿಸಿಕೊಂಡನೆಂದು ಚಾಮರಾಜನಗರದ ಕ್ರಿ.ಶ. 1117ರ ಶಾಸನವು ತಿಳಿಸುತ್ತದೆ. ಎಮ್ಮೆಗಳನ್ನು ಮೇಯಿಸಿ ಬಾಳಿದ ಈ ಜನಕ್ಕೆ ಆಧಾರವಾಗಿದ್ದುದು ಮಲೆಯ ಹುಲ್ಲು. ಆ ಹುಲ್ಲಾದರೋ ಶಾಸನಕ್ಕಿಂತ ಬಹು ಪುರಾತನವಾದುದು. ಅಲ್ಲಿನ ಜೌಗುನೆಲದ ಮಣ್ಣಿನ ಪದರಗಳನ್ನು ಪರೀಕ್ಷಿಸಿ ರಾಮನ್ ಸುಕುಮಾರ್ ಮತ್ತು ಅವರ ಸಹೋದ್ಯೋಗಿಗಳು 1993ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ, ಸುಮಾರು 20,000 ವರ್ಷಗಳ ಅವಧಿಯಲ್ಲಿ ಹವೆಯ ಏರಿಳಿತಕ್ಕೆ ಅನುಗುಣವಾಗಿ ಹುಲ್ಲಿನ ಮತ್ತು ಕಾಡಿನ ಪ್ರಮಾಣ ಬದಲಾಗುತ್ತ ಬಂದುದು ವಿದಿತವಾಯಿತು. ಆದುದರಿಂದ ಈ ಹುಲ್ಲುಗಾವಲು ಕಾಡು ಕಡಿದು ಉಳಿದ ಬಯಲಲ್ಲ. ಕಣಿವೆಗಳಲ್ಲಿ ಶೋಲಾ ಕಾಡು, ಇಳಿಜಾರುಗಳಲ್ಲಿ ಹುಲ್ಲು: ಇದೇ ಆ ಮಲೆಯ ಸಹಜ ರೂಪ. ತೆರೆದ ನೆಲದಲ್ಲಿ ಬೀಳುವ ಇಬ್ಬನಿಯ ಹೆಪ್ಪು ಶೋಲಾ ಮರಗಳ ಎಳೆಯ ಸಸಿಗಳನ್ನು ಕೊಲ್ಲುತ್ತದೆ. ಹುಲ್ಲು ಅದನ್ನು ತಾಳಿಕೊಳ್ಳುತ್ತದೆ.

1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಬೆಟ್ಟವೇರಿದ ಬಳಿಕ ಉದಕಮಂಡಲ ಬೆಳೆಯಿತು. ಸೌದೆಯ ಅಭಾವವೂ ಬೆಳೆಯಿತು. ಮರವಿಲ್ಲದ ಭೂಮಿ ಆಂಗ್ಲರ ಕಣ್ಣಿಗೆ ವ್ಯರ್ಥಭೂಮಿಯಾಗಿ ತೋರಿತು. 19ನೆಯ ಶತಮಾನದಲ್ಲಿಯೇ ಆಸ್ಟ್ರೇಲಿಯದ ವಾಟಲ್ ಮತ್ತು ಯೂಕಲಿಪ್ಟಸ್‌ಗಳನ್ನು ತಂದು ನೆಡಲಾಯಿತು. ಸ್ವಾತಂತ್ರ್ಯಾನಂತರವೂ ಈ ನೀತಿ ನಿಲ್ಲಲಿಲ್ಲ. ಚರ್ಮ ಹದಮಾಡಲು ವಾಟಲ್ ತೊಗಟೆ, ರೇಯಾನ್ ತಯಾರಿಕೆಗೆ ಯೂಕಲಿಪ್ಟಸ್ ಬೇಕಾದುವು. ಇದರ ಫಲವಾಗಿ ತೋಡರ ಎಮ್ಮೆಗಳಿಗೆ ಮೇವು ತಪ್ಪಿತು. ಹುಲ್ಲನ್ನೂ ಕಡಿದಾದ ಬಂಡೆಗಳನ್ನೂ ನಂಬಿದ ನೀಲಗಿರಿ ತಾರ್ ಎಂಬ ಕಾಡಾಡಿನ ಹಿಂಡುಗಳು ಒಂದರಿಂದೊಂದು ಬೇರ್ಪಟ್ಟುವು. 12 ವರ್ಷಗಳಿಗೊಮ್ಮೆ ಅರಳುವ ಕುರಿಂಜಿಗೂ ನೆಲೆ ಕಿರಿದಾಯಿತು.

ಹಾಗಾದರೆ ವಾಟಲನ್ನು ಕಡಿದೊಡನೆ ಹುಲ್ಲು ಮರಳುವುದೇ? ಇಲ್ಲ. ಅದರ ಬೀಜಗಳು ಮಣ್ಣಿನಲ್ಲಿ ದಶಕಗಳ ಕಾಲ ಜೀವ ಹಿಡಿದಿರುತ್ತವೆ. ನೆಲಕ್ಕೆ ಬಿಸಿಲು ತಾಗಿದೊಡನೆ ಒತ್ತೊತ್ತಾಗಿ ಮೊಳೆಯುತ್ತವೆ. ಸ್ಕಾಚ್ ಬ್ರೂಮ್ ಎಂಬ ವಿದೇಶೀ ಪೊದೆಯೂ ತೆರವಾದ ಜಾಗವನ್ನು ಆಕ್ರಮಿಸುತ್ತದೆ. ಆದುದರಿಂದ ಮರ ಕಡಿಯುವುದು ಕಾರ್ಯದ ಆರಂಭ ಮಾತ್ರ. ಅನಂತರ ವರುಷ ವರುಷವೂ ಸಸಿಗಳನ್ನು ಕೀಳಬೇಕು, ಸ್ಥಳೀಯ ಹುಲ್ಲಿನ ಬುಡಗಳನ್ನು ನೆಡಬೇಕು. ಶೋಲಾದ ಅಂಚಿನಲ್ಲಾದರೋ ವಿವೇಚನೆ ಅಗತ್ಯ. ಅಲ್ಲಿ ಹಳೆಯ ವಾಟಲ್ ನೆರಳಿನಲ್ಲಿಯೇ ಶೋಲಾ ಸಸಿಗಳು ಎದ್ದಿರುವುದುಂಟು. ಒಮ್ಮೆಲೇ ಕಡಿದರೆ ಅವೂ ನಾಶವಾಗುತ್ತವೆ.

1982ರಲ್ಲಿ ಅಭಯಾರಣ್ಯವಾದ ಮುಕುರ್ತಿ 1990ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2022ರಲ್ಲಿ ತಮಿಳುನಾಡು ಸರ್ಕಾರವು ತಾರ್ ರಕ್ಷಣೆಗೆಂದೇ ಒಂದು ಯೋಜನೆಯನ್ನು ಆರಂಭಿಸಿತು; 2024ರ ಗಣತಿಯಲ್ಲಿ ಆ ರಾಜ್ಯದಲ್ಲಿ 1,031 ತಾರ್‌ಗಳಿರುವುದಾಗಿ ಅಂದಾಜಾಯಿತು. ಆ ಪ್ರಾಣಿಯ ಮುಂದಿನ ಗತಿ ಹುಲ್ಲಿನ ಗತಿಯನ್ನೇ ಅವಲಂಬಿಸಿದೆ.

ಗಿಡ ನೆಡುವುದೆಲ್ಲವೂ ಪುಣ್ಯಕಾರ್ಯವೆಂದು ನಾವೂ ತರಗತಿಗಳಲ್ಲಿ ಬೋಧಿಸಿದ್ದೇವೆ. ಕಂದಾಯದ ದಾಖಲೆಗಳಲ್ಲಿ ‘ಬಂಜರು’ ಎಂಬ ಪದ ಕಂಡಾಗ ಅದನ್ನು ನಿಜವೆಂದೇ ನಂಬಿದ್ದೇವೆ. ಆ ಪದವು ನೆಲದ ಗುಣವನ್ನು ಹೇಳುತ್ತದೆಯೋ, ಬರೆದವನ ಅಪೇಕ್ಷೆಯನ್ನು ಹೇಳುತ್ತದೆಯೋ ಎಂದು ವಿದ್ಯಾರ್ಥಿಗಳು ಮೊದಲು ಕೇಳಬೇಕು. ಯಾವುದನ್ನು ಪುನರುದ್ಧಾರ ಮಾಡಬೇಕೆಂಬುದು ಆ ಬಳಿಕವಷ್ಟೇ ನಿಶ್ಚಿತವಾದೀತು.