ಹಾಸಿಗೆಯಿದ್ದಷ್ಟು ಗಣಕಯಂತ್ರ

ಮಕ್ಕಳ ವಿದ್ಯಾಭ್ಯಾಸಕ್ಕೆಂದು ತಂದೆತಾಯಿಗಳು ಮಾಡುವ ವೆಚ್ಚಗಳಲ್ಲಿ ಪಠ್ಯಪುಸ್ತಕ, ಸಮವಸ್ತ್ರ, ಶುಲ್ಕಗಳ ಸಾಲಿಗೆ ಈಗ ಗಣಕಯಂತ್ರವೂ ಬಂದು ಸೇರಿದೆ. ಪದವಿಪೂರ್ವ ಪರೀಕ್ಷೆಯ ಫಲಿತಾಂಶ ಹೊರಬಿದ್ದು ಕಾಲೇಜುಗಳ ಬಾಗಿಲು ತೆರೆಯುವ ದಿನಗಳಲ್ಲಿ ಅನೇಕ ಮನೆಗಳಲ್ಲಿ ಇದೇ ಮಾತು. ಕೊಳ್ಳಬೇಕೆ, ಬೇಡವೆ? ಕೊಳ್ಳುವುದಾದರೆ ಯಾವುದನ್ನು? ಹಣವನ್ನು ಎಲ್ಲಿಂದ ತರುವುದು? ಸಮಾಧಾನಕರವಾದ ಉತ್ತರ ದೊರೆಯದೆ ಸಾಲಕ್ಕೆ ಕೈಯೊಡ್ಡಿದ ಸದ್ಗೃಹಸ್ಥರನ್ನು ನಾವು ಬಲ್ಲೆವು. ಆದುದರಿಂದ ನಮ್ಮ ಅನುಭವಕ್ಕೆ ಬಂದಷ್ಟನ್ನು ಓದುಗ ಬಂಧುಗಳ ಮುಂದಿಡಬಯಸುತ್ತೇವೆ.

೨೦೨೪ರ ಜೂನ್ ತಿಂಗಳಿನಲ್ಲಿ ಗುಳೇದಗುಡ್ಡದ ಕಡೆಯ ನೇಕಾರ ಕುಟುಂಬವೊಂದರ ಯಜಮಾನರು ನಮ್ಮಲ್ಲಿಗೆ ಬಂದರು. ಖಣದ ಮಗ್ಗವೇ ಅವರ ಜೀವನಾಧಾರ. ಮಗಳು ಬಿ.ಕಾಂ. ತರಗತಿಗೆ ಸೇರಿದ್ದಳು. ಪಟ್ಟಣದ ಅಂಗಡಿಯವರು ೫೨,೦೦೦ ರೂಪಾಯಿ ಬೆಲೆಯ ಲ್ಯಾಪ್‌ಟಾಪೊಂದನ್ನು ತೋರಿಸಿ, ಮುಂಗಡ ಕೊಟ್ಟು ಕಂತಿನ ಕಾಗದಕ್ಕೆ ಸಹಿ ಹಾಕಿದರೆ ಅಂದೇ ಒಯ್ಯಬಹುದೆಂದು ಹೇಳಿದ್ದರಂತೆ. ಕೈಯಲ್ಲಿದ್ದುದು ೨೦,೦೦೦ ರೂಪಾಯಿ. ಅದು ಮಗ್ಗದ ನೂಲಿಗೂ ಮನೆಯ ಆಪತ್ತಿಗೂ ಇದ್ದ ಹಣ. ಅದನ್ನು ಮುಟ್ಟದೆ ಮುಂಗಡವನ್ನು ಹೊಂದಿಸಲು ಮನೆಯೊಡತಿಯ ಬಳೆಗಳನ್ನು ಅಡವಿಡುವ ಆಲೋಚನೆ ನಡೆದಿತ್ತು. "ಮಗಳ ಓದಿಗೆ ಅಡ್ಡಿಯಾಗಬಾರದು; ಆದರೆ ಕಂತು ತಪ್ಪಿದರೆ ಮಾನ ಹೋಗುತ್ತದೆ. ಏನು ಮಾಡೋಣ?" ಎಂದು ಕೇಳಿದರು.

ನಾವು ಮಠದ ನೆರಳಿನಲ್ಲಿ ಸಂಸ್ಕೃತ, ವ್ಯಾಕರಣಗಳನ್ನು ಕಲಿತವರೇ ಹೊರತು ಯಂತ್ರಶಾಸ್ತ್ರವನ್ನಲ್ಲ. ಆದರೂ ತಾಳೆಗರಿಯ ಪ್ರತಿಗಳನ್ನು ಗಣಕದಲ್ಲಿ ಬೆರಳಚ್ಚು ಮಾಡುತ್ತ ಇಪ್ಪತ್ತು ವರ್ಷಗಳನ್ನು ಕಳೆದಿದ್ದೇವೆ. ಅದಕ್ಕಿಂತ ಮಿಗಿಲಾಗಿ, ಒಮ್ಮೆ ಎಡವಿ ಪಾಠ ಕಲಿತಿದ್ದೇವೆ.

ನಾವು ಎಡವಿದ ಬಗೆ

೨೦೧೮ರಲ್ಲಿ ನಮ್ಮ ಬರವಣಿಗೆಗೆಂದು ಅಂಗಡಿಯಲ್ಲಿದ್ದ ಹೊಸ ಲ್ಯಾಪ್‌ಟಾಪುಗಳಲ್ಲಿ ಎಲ್ಲಕ್ಕಿಂತ ಕಡಿಮೆ ಬೆಲೆಯದನ್ನು, ೧೪,೦೦೦ ರೂಪಾಯಿ ಕೊಟ್ಟು ತಂದೆವು. ನೋಡಲು ತೆಳ್ಳಗೆ, ಹಗುರವಾಗಿ ಬಲು ಚೆಂದವಾಗಿತ್ತು. ಅದರ ಮೆಮೊರಿ ೨ ಜಿಬಿ, ಸಂಗ್ರಹ ೩೨ ಜಿಬಿ. ಎರಡನ್ನೂ ಒಳಗಿನ ಫಲಕಕ್ಕೆ ಬೆಸೆದಿದ್ದರು. ವಿಂಡೋಸ್ ತಂತ್ರಾಂಶವೇ ಆ ಸಂಗ್ರಹದ ಬಹುಭಾಗವನ್ನು ಆಕ್ರಮಿಸಿಕೊಂಡಿತು. ಆಗ ವರ್ಷಕ್ಕೆ ಎರಡು ಬಾರಿ ಬರುತ್ತಿದ್ದ ದೊಡ್ಡ ಪರಿಷ್ಕರಣೆಗಳಿಗೆ ಸ್ಥಳ ಸಾಲದೆ ಯಂತ್ರ ಮುಗ್ಗರಿಸತೊಡಗಿತು. ಬೆಸೆದ ಭಾಗಗಳನ್ನು ಬದಲಿಸುವಂತಿರಲಿಲ್ಲ. ಎರಡನೆಯ ವರ್ಷ ಮುಗಿಯುವಷ್ಟರಲ್ಲಿ ಅದು ಕಪಾಟಿನ ಮೂಲೆ ಸೇರಿತು. ಅಗ್ಗವೆಂದು ಮುಗ್ಗಿದ ಜೋಳವನ್ನು ಕೊಂಡಂತಾಯಿತು. ಹೊಸದೆಂಬ ಒಂದೇ ಮಾತಿಗೆ ಮರುಳಾದುದು ನಮ್ಮ ತಪ್ಪು. ಅದರೊಳಗೆ ಏನಿದೆಯೆಂದು ನಾವು ಕೇಳಿರಲಿಲ್ಲ.

ಮೊದಲು ಕೆಲಸ, ಬಳಿಕ ಯಂತ್ರ

ಆ ಯಜಮಾನರಿಗೆ ನಾವು ಬೆಲೆಯನ್ನು ಹೇಳಲಿಲ್ಲ. ಮಗಳನ್ನೇ ಕರೆಸಿ, ಯಂತ್ರದಿಂದ ಆಗಬೇಕಾದ ಕೆಲಸಗಳನ್ನು ಒಂದು ಹಾಳೆಯ ಮೇಲೆ ಬರೆಯಹೇಳಿದೆವು. ಆಕೆ ಬರೆದುದು ಐದೇ ಸಾಲು: ಟಿಪ್ಪಣಿ ಬರೆಯುವುದು, ಲೆಕ್ಕದ ಕೋಷ್ಟಕ ಮಾಡುವುದು, ಟ್ಯಾಲಿ ಕಲಿಯುವುದು, ಅಂತರಜಾಲದಲ್ಲಿ ಪಾಠ ಕೇಳುವುದು, ವಿದ್ಯಾರ್ಥಿವೇತನದ ಅರ್ಜಿ ತುಂಬುವುದು. ಇವುಗಳಲ್ಲಿ ಒಂದಾದರೂ ೫೨,೦೦೦ ರೂಪಾಯಿಯ ಯಂತ್ರವನ್ನು ಬೇಡುವುದಿಲ್ಲ. ಚಲನಚಿತ್ರ ಸಂಕಲನ, ಕಟ್ಟಡಗಳ ನಕಾಶೆ, ದೊಡ್ಡ ಆಟಗಳು ಇವುಗಳಿಗೆ ಮಾತ್ರ ಬಲಶಾಲಿಯಾದ ಯಂತ್ರ ಬೇಕು. ಆ ಕೆಲಸಗಳು ಮನೆಯಲ್ಲಿಲ್ಲದಿದ್ದರೆ ಆ ಬಲಕ್ಕೆ ಹಣ ತೆರುವುದು, ಒಂದೆಕರೆ ಹೊಲಕ್ಕೆ ದೊಡ್ಡ ಟ್ರ್ಯಾಕ್ಟರನ್ನು ಕೊಂಡಂತೆಯೇ ಸರಿ.

ಕೆಲಸವನ್ನು ಬರೆದು ನೋಡುವುದರಿಂದ ಇನ್ನೊಂದು ಲಾಭವೂ ಉಂಟು. ಟ್ಯಾಲಿ ತಂತ್ರಾಂಶವು ವಿಂಡೋಸ್ ವ್ಯವಸ್ಥೆಗೆಂದು ರಚಿತವಾದುದು. ಆದುದರಿಂದ ಈಕೆಗೆ ವಿಂಡೋಸ್ ಅನಿವಾರ್ಯವೆಂಬುದು ಮೊದಲೇ ತಿಳಿಯಿತು. ಕಲಿಯುವವರಿಗೆಂದು ಟ್ಯಾಲಿಯಲ್ಲಿ ಶೈಕ್ಷಣಿಕ ವಿಧಾನವೊಂದಿದ್ದು, ಅದಕ್ಕೆ ಹಣ ತೆರಬೇಕಾಗಿಲ್ಲ. ಅದರಲ್ಲಿ ತಿಂಗಳಿನ ಕೆಲವೇ ದಿನಾಂಕಗಳಿಗೆ ಲೆಕ್ಕವನ್ನು ದಾಖಲಿಸಬಹುದಾದರೂ ಅಭ್ಯಾಸಕ್ಕೆ ಅಷ್ಟು ಸಾಕು.

ಒಳಗಿನ ಮೂರು ಅಂಗಗಳು

ಗಣಕಯಂತ್ರದ ಯೋಗ್ಯತೆಯನ್ನು ಅಳೆಯಲು ಗೃಹಸ್ಥರು ಮೂರು ಅಂಗಗಳನ್ನು ವಿಚಾರಿಸಿದರೆ ಸಾಕು. ಪ್ರೊಸೆಸರ್ ಎಂಬುದು ಓದುವ ಪಂಡಿತನಂತೆ. ಮೆಮೊರಿ ಎಂಬುದು ಆತನ ಮುಂದಿರುವ ವ್ಯಾಸಪೀಠದಂತೆ. ಪೀಠ ಅಗಲವಾಗಿದ್ದಷ್ಟು ಹೆಚ್ಚು ಗ್ರಂಥಗಳನ್ನು ಒಮ್ಮೆಗೆ ಬಿಚ್ಚಿಡಬಹುದು. ಸಂಗ್ರಹವೆಂಬುದು ಹಿಂದಿರುವ ಗ್ರಂಥಗಳ ಕಪಾಟು. ಪೀಠ ಕಿರಿದಾದರೆ ಪಂಡಿತನು ಎಷ್ಟು ಚುರುಕಾಗಿದ್ದರೂ ಗಳಿಗೆಗೊಮ್ಮೆ ಕಪಾಟಿಗೆ ಎದ್ದು ಹೋಗಬೇಕಾಗುತ್ತದೆ. ಇಂದಿನ ದಿನಗಳಲ್ಲಿ ವಿಂಡೋಸ್ ಯಂತ್ರಕ್ಕೆ ೮ ಜಿಬಿ ಮೆಮೊರಿ ಇರುವುದು ಕ್ಷೇಮ.

ಕಪಾಟಿನಲ್ಲಿಯೂ ಎರಡು ಬಗೆ. ತಿರುಗುವ ತಟ್ಟೆಗಳುಳ್ಳ ಹಾರ್ಡ್ ಡಿಸ್ಕ್ ಹಳೆಯದು. ಚಲಿಸುವ ಭಾಗಗಳೇ ಇಲ್ಲದ ಎಸ್ಎಸ್‌ಡಿ ಹೊಸದು. ಹಳೆಯ ಯಂತ್ರವೊಂದರ ಹಾರ್ಡ್ ಡಿಸ್ಕನ್ನು ತೆಗೆದು ಎಸ್ಎಸ್‌ಡಿ ಹಾಕಿದರೆ, ಬೇರೇನನ್ನೂ ಬದಲಿಸದಿದ್ದರೂ ಅದರ ಚುರುಕು ಎದ್ದು ಕಾಣುವಷ್ಟು ಹೆಚ್ಚುತ್ತದೆ. ಮನೆಯ ಬಳಕೆಗೆ ೨೫೬ ಜಿಬಿ ಸಾಕಾಗುತ್ತದೆ. "ಮೆಮೊರಿಯನ್ನೂ ಸಂಗ್ರಹವನ್ನೂ ಮುಂದೆ ಹೆಚ್ಚಿಸಲು ಬರುತ್ತದೆಯೆ?" ಎಂಬ ಪ್ರಶ್ನೆಯನ್ನು ಮಾತ್ರ ಎಂದಿಗೂ ಮರೆಯಬಾರದು. ನಾವು ೨೦೧೮ರಲ್ಲಿ ಕೇಳದೆ ಬಿಟ್ಟುದು ಇದನ್ನೇ.

ಕಚೇರಿಯಿಂದ ನಿವೃತ್ತವಾದ ಯಂತ್ರಗಳು

ದೊಡ್ಡ ಕಂಪನಿಗಳು ತಮ್ಮ ಗಣಕಯಂತ್ರಗಳನ್ನು ಕೆಲವು ವರ್ಷ ಬಳಸಿ, ಕೆಡುವ ಮೊದಲೇ ಒಟ್ಟಾಗಿ ಮಾರಿಬಿಡುತ್ತವೆ. ಡೆಲ್ ಆಪ್ಟಿಪ್ಲೆಕ್ಸ್, ಲೆನೊವೊ ಥಿಂಕ್‌ಸೆಂಟರ್, ಎಚ್‌ಪಿ ಪ್ರೋಡೆಸ್ಕ್ ಮೊದಲಾದ ಹೆಸರುಗಳ ಪುಟ್ಟ ಪೆಟ್ಟಿಗೆಗಳು ಹೀಗೆ ಹೊರಬರುತ್ತವೆ. ಇವು ದಿನವಿಡೀ ದುಡಿಯಲೆಂದೇ ಗಟ್ಟಿಯಾಗಿ ನಿರ್ಮಿತವಾದವು. ಮುಚ್ಚಳ ತೆಗೆದು ಭಾಗಗಳನ್ನು ಬದಲಿಸುವುದೂ ಸುಲಭ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿಯೂ ಹುಬ್ಬಳ್ಳಿಯಂತಹ ನಗರಗಳಲ್ಲಿಯೂ ಇಂತಹವುಗಳನ್ನು ಶುಚಿಗೊಳಿಸಿ, ಪರೀಕ್ಷಿಸಿ ಮಾರುವ ಅಂಗಡಿಗಳಿವೆ. ಸಮಾನ ಬೆಲೆಯ ಹೊಸ ಯಂತ್ರಕ್ಕಿಂತ ಇವು ಅನೇಕ ಬಾರಿ ಹೆಚ್ಚು ಸಮರ್ಥವಾಗಿರುತ್ತವೆ.

ಆದರೆ ಇಲ್ಲಿ ಒಂದು ಎಚ್ಚರ ಅಗತ್ಯ. ೨೦೧೫ರಲ್ಲಿ ಬಂದ ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ೨೦೨೫ರ ಅಕ್ಟೋಬರ್ ೧೪ರಂದು ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ೨೦೨೧ರಲ್ಲಿ ಬಂದ ವಿಂಡೋಸ್ ೧೧ಕ್ಕೆ ಟಿಪಿಎಂ ೨.೦ ಎಂಬ ರಕ್ಷಣಾ ವ್ಯವಸ್ಥೆಯೂ, ಇಂಟೆಲ್ ಪ್ರೊಸೆಸರುಗಳಲ್ಲಿ ಕೆಲವೇ ಅಪವಾದಗಳನ್ನು ಬಿಟ್ಟರೆ ಎಂಟನೆಯ ಪೀಳಿಗೆ ಅಥವಾ ಅದರ ನಂತರದ್ದೂ ಬೇಕು. ಪೀಳಿಗೆಯನ್ನು ಹೆಸರಿನಿಂದಲೇ ಅರಿಯಬಹುದು. ಐ೫-೮೫೦೦ ಎಂದಿದ್ದರೆ ಅಡ್ಡಗೆರೆಯ ನಂತರದ ೮ ಎಂಬುದು ಎಂಟನೆಯ ಪೀಳಿಗೆಯ ಗುರುತು. ಐ೫-೧೦೫೦೦ ಎಂದಿದ್ದರೆ ಹತ್ತನೆಯದು. ಐ೭ ಎಂಬ ದೊಡ್ಡ ಹೆಸರಿಗೆ ಮರುಳಾಗಬಾರದು. ಐ೭-೪೭೭೦ ನಾಲ್ಕನೆಯ ಪೀಳಿಗೆಯದಾದ್ದರಿಂದ ಹೊಸ ವಿಂಡೋಸ್ ಪಟ್ಟಿಯಲ್ಲಿಲ್ಲ. ಐ೩-೮೧೦೦ ಚಿಕ್ಕ ಹೆಸರಿನದಾದರೂ ಪಟ್ಟಿಯಲ್ಲಿದೆ.

ಹಾಗೆಂದು ಅದಕ್ಕಿಂತ ಹಳೆಯ ಯಂತ್ರಗಳು ನಿಷ್ಪ್ರಯೋಜಕವೇನಲ್ಲ. ಲಿನಕ್ಸ್ ಮಿಂಟ್‌ನಂತಹ ಉಚಿತ ವ್ಯವಸ್ಥೆಯನ್ನು ಅಳವಡಿಸಿದರೆ ೪ ಜಿಬಿ ಮೆಮೊರಿಯ ಯಂತ್ರವೂ ಬರವಣಿಗೆಗೆ, ಪತ್ರವ್ಯವಹಾರಕ್ಕೆ, ಅಂತರಜಾಲದ ಓದಿಗೆ ಒದಗುತ್ತದೆ. ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶವೂ ಉಚಿತವೇ. ನಾವು ಈ ಲೇಖನವನ್ನು ಅಂತಹ ಒಂದು ಯಂತ್ರದಲ್ಲಿಯೇ ಬರೆಯುತ್ತಿದ್ದೇವೆ.

ಅಂಗಡಿಯಲ್ಲಿ ನೋಡಬೇಕಾದುದು

ಬಳಸಿದ ಯಂತ್ರವನ್ನು ಕೊಳ್ಳುವವರು ಅರ್ಧ ತಾಸು ಅಂಗಡಿಯಲ್ಲಿಯೇ ಕುಳಿತು ಅದನ್ನು ನಡೆಸಿ ನೋಡಬೇಕು. ಹೇಳಿದಷ್ಟು ಮೆಮೊರಿಯೂ ಸಂಗ್ರಹವೂ ಪರದೆಯ ಮೇಲೆ ಕಾಣುತ್ತವೆಯೆ? ಎಲ್ಲ ಯುಎಸ್‌ಬಿ ಕಿಂಡಿಗಳೂ ಕೆಲಸ ಮಾಡುತ್ತವೆಯೆ? ಹಿಂದಿನ ಒಡೆಯರ ಬಯೋಸ್ ಗುಪ್ತಪದ ಉಳಿದುಕೊಂಡಿದೆಯೆ? ಉಳಿದಿದ್ದರೆ ಅಂಗಡಿಯವರಿಂದಲೇ ತೆಗೆಸಬೇಕು. ವಿಂಡೋಸ್ ಅಧಿಕೃತ ಪರವಾನಗಿ ಉಳ್ಳದ್ದೆ? ಕದ್ದ ಪ್ರತಿಯನ್ನು ನಡೆಸುವ ಉಪಾಯಗಳ ಜೊತೆಯಲ್ಲಿ ಬ್ಯಾಂಕಿನ ಗುಪ್ತಪದಗಳನ್ನು ಕದಿಯುವ ತಂತ್ರಾಂಶಗಳೂ ಬರಬಹುದೆಂಬುದನ್ನು ಮರೆಯಬಾರದು. ಯಂತ್ರದ ಕ್ರಮಸಂಖ್ಯೆಯನ್ನೂ ಖಾತರಿಯ ಅವಧಿಯನ್ನೂ ಬರೆದ ರಸೀದಿಯನ್ನು ಕೇಳಿ ಪಡೆಯಬೇಕು. ಲ್ಯಾಪ್‌ಟಾಪಾದರೆ ಬ್ಯಾಟರಿ ಎಷ್ಟು ಹೊತ್ತು ನಿಲ್ಲುವುದೆಂದು ನೋಡಬೇಕು. ಬಳಸಿದ ಲ್ಯಾಪ್‌ಟಾಪಿನಲ್ಲಿ ಮೊದಲು ಸೋಲುವುದು ಸಾಮಾನ್ಯವಾಗಿ ಅದೇ.

ಮೇಜಿನ ಯಂತ್ರವನ್ನು ಕೊಳ್ಳುವವರು ಪೆಟ್ಟಿಗೆಯ ಬೆಲೆಯನ್ನಷ್ಟೇ ಲೆಕ್ಕ ಹಾಕಿದರೆ ಸಾಲದು. ಪರದೆ, ಕೀಲಿಮಣೆ, ಮೌಸ್ ಬೇಕು. ವಿದ್ಯುತ್ ಆಗಾಗ ಹೋಗುವ ಊರಾದರೆ ಯುಪಿಎಸ್ ಕೂಡ ಬೇಕು. ಮುದ್ರಣಯಂತ್ರವನ್ನು ಮಾತ್ರ ಕೊಳ್ಳಬೇಡಿರಿ. ತಿಂಗಳಿಗೆ ಹತ್ತು ಹಾಳೆಯ ಮುದ್ರಣಕ್ಕೆ ನೆರೆಯ ಜೆರಾಕ್ಸ್ ಅಂಗಡಿಯೇ ಅಗ್ಗ. ಮನೆಯಲ್ಲಿ ಈಗಾಗಲೇ ಇರುವ ಮೊಬೈಲ್ ಫೋನನ್ನು ತಂತಿಯಿಂದ ಜೋಡಿಸಿ ಅದರ ಅಂತರಜಾಲವನ್ನೇ ಬಳಸಬಹುದು.

ಕನ್ನಡ ಬರೆಯಲು ಪ್ರತ್ಯೇಕ ವೆಚ್ಚವೇನೂ ಇಲ್ಲ. ವಿಂಡೋಸ್, ಲಿನಕ್ಸ್ ಎರಡರಲ್ಲಿಯೂ ಕನ್ನಡ ಕೀಲಿಮಣೆ ಅಡಕವಾಗಿದೆ. ಲಿನಕ್ಸಿನಲ್ಲಿ ಕಗಪ ವಿನ್ಯಾಸವೂ ದೊರೆಯುತ್ತದೆ. ಯೂನಿಕೋಡ್ ಲಿಪಿಯಲ್ಲಿ ಬರೆಯುವ ರೂಢಿಯನ್ನು ಮೊದಲ ದಿನದಿಂದಲೇ ಮಾಡಿಕೊಂಡರೆ, ಬರೆದುದು ಬೇರೆ ಯಂತ್ರದಲ್ಲಿಯೂ ಫೋನಿನಲ್ಲಿಯೂ ಅಕ್ಷರ ಕೆಡದೆ ಕಾಣುತ್ತದೆ.

ಒಂದು ಯಂತ್ರ, ಹಲವು ಕೈ

ಬಡವರಿಗೊಂದು ಗಣಕಯಂತ್ರ ದೊರೆಯಬೇಕೆಂಬ ಹಂಬಲ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ತಂತ್ರಜ್ಞರೂ ಸೇರಿ ಸಿಂಪ್ಯೂಟರ್ ಎಂಬ ಅಂಗೈಯಗಲದ ಯಂತ್ರವನ್ನು ರೂಪಿಸಿ ೨೦೦೧ರಲ್ಲಿ ಅದರ ಮಾದರಿಯನ್ನು ತೋರಿಸಿದರು. ೨೦೦೪ರಲ್ಲಿ ಅದು ಮಾರುಕಟ್ಟೆಗೆ ಬಂದಿತು. ನಿರೀಕ್ಷಿಸಿದಷ್ಟು ಅದು ಹರಡಲಿಲ್ಲ. ೨೦೧೧ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರವು ವಿದ್ಯಾರ್ಥಿಗಳಿಗೆಂದು ಬಿಡುಗಡೆ ಮಾಡಿದ ಆಕಾಶ್ ಟ್ಯಾಬ್ಲೆಟ್ ಬಹಳ ಅಗ್ಗವಾಗಿದ್ದರೂ ಅದರ ಮೆಮೊರಿ ೨೫೬ ಎಂಬಿ ಮಾತ್ರವಿದ್ದು, ನಿಧಾನಗತಿಯ ದೂರಿಗೆ ಗುರಿಯಾಯಿತು. ಬೆಲೆ ಇಳಿದರಷ್ಟೇ ಸಾಲದು, ಕೆಲಸವೂ ಸಾಗಬೇಕೆಂಬುದಕ್ಕೆ ಇದು ನಿದರ್ಶನ.

ಆದರೆ ಸಿಂಪ್ಯೂಟರಿನಲ್ಲಿ ನಾವು ನೆನೆಯಬೇಕಾದ ಒಂದು ವಿಚಾರವಿತ್ತು. ಹಳ್ಳಿಯವರು ಒಂದೇ ಯಂತ್ರವನ್ನು ಹಂಚಿಕೊಂಡು, ತಂತಮ್ಮ ಮಾಹಿತಿಯನ್ನು ಚಿಕ್ಕ ಸ್ಮಾರ್ಟ್ ಕಾರ್ಡಿನಲ್ಲಿ ಇಟ್ಟುಕೊಳ್ಳಲೆಂದು ಅದರಲ್ಲಿ ಏರ್ಪಾಡು ಮಾಡಿದ್ದರು. ಇಂದು ಯಾವ ಗಣಕದಲ್ಲಿಯಾದರೂ ಮನೆಯ ಪ್ರತಿಯೊಬ್ಬರಿಗೂ ಬೇರೆ ಬೇರೆ ಖಾತೆ ತೆರೆದು ಆ ಅನುಕೂಲವನ್ನು ಪಡೆಯಬಹುದು. ಇಬ್ಬರು ಮಕ್ಕಳಿಗೆ ಎರಡು ಯಂತ್ರ ಬೇಕಾಗಿಲ್ಲ. ಎರಡು ಖಾತೆ, ಒಂದು ವೇಳಾಪಟ್ಟಿ ಸಾಕು.

ಬಳೆಗಳು ಉಳಿದವು

ಆ ತಂದೆಮಕ್ಕಳು ಹುಬ್ಬಳ್ಳಿಗೆ ಹೋಗಿ ಎಂಟನೆಯ ಪೀಳಿಗೆಯ ಐ೫ ಪ್ರೊಸೆಸರ್, ೮ ಜಿಬಿ ಮೆಮೊರಿ, ೨೫೬ ಜಿಬಿ ಎಸ್ಎಸ್‌ಡಿ ಉಳ್ಳ ಬಳಸಿದ ಪೆಟ್ಟಿಗೆಯನ್ನು ೧೩,೦೦೦ ರೂಪಾಯಿಗೆ ತಂದರು. ಬಳಸಿದ ಪರದೆಗೆ ೨,೫೦೦, ಕೀಲಿಮಣೆ ಮತ್ತು ಮೌಸಿಗೆ ೭೦೦, ಯುಪಿಎಸ್‌ಗೆ ೨,೮೦೦. ಒಟ್ಟು ೧೯,೦೦೦ ರೂಪಾಯಿ. ಉಳಿದ ಸಾವಿರದಲ್ಲಿ ಬಸ್ಸಿನ ವೆಚ್ಚವೂ ಅಡಗಿತು. ನೂಲಿಗೆ ಇಟ್ಟ ಹಣ ಕರಗಿದ್ದರಿಂದ ಎರಡು ತಿಂಗಳು ಕೈ ಬಿಗಿಯಾಯಿತೆಂದು ಯಜಮಾನರು ಆಮೇಲೆ ಹೇಳಿದರು. ಆದರೆ ಯಾರಿಗೂ ಬಡ್ಡಿ ಕಟ್ಟಬೇಕಾಗಲಿಲ್ಲ. ಬಳೆಗಳು ತಾಯಿಯ ಕೈಯಲ್ಲಿಯೇ ಉಳಿದವು.

ಎಲ್ಲವೂ ಸುಖವಾಯಿತೆಂದು ಹೇಳಲಾಗದು. ಪರದೆಯ ಅಂಚಿನಲ್ಲಿ ಸಣ್ಣ ಗೆರೆಯೊಂದಿದೆ. ಯಂತ್ರವನ್ನು ಕಾಲೇಜಿಗೆ ಒಯ್ಯಲಾಗದೆಂಬ ಕೊರಗು ಮಗಳಿಗಿದೆ. ಸಂಜೆ ಏಳರಿಂದ ಒಂಬತ್ತು ಅಕ್ಕನಿಗೆ, ಆರರಿಂದ ಏಳು ತಮ್ಮನಿಗೆ ಎಂಬ ಚೀಟಿಯೊಂದು ಗೋಡೆಯ ಮೇಲಿದ್ದು, ಅದರ ಬಗ್ಗೆ ದಿನವೂ ವಾದ ನಡೆಯುತ್ತದೆ. ಆದರೂ ಆಕೆ ಟ್ಯಾಲಿ ಕಲಿತು, ಈಗ ಮಗ್ಗದ ನೂಲು, ಕೂಲಿ, ಮಾರಾಟದ ಲೆಕ್ಕವನ್ನೆಲ್ಲ ತಾನೇ ಇಡುತ್ತಾಳೆ. ಯಾವ ತಿಂಗಳು ಎಷ್ಟು ಉಳಿಯಿತೆಂಬುದು ತಂದೆಗೆ ಕಾಗದದ ಮೇಲೆ ತಿಳಿದುದು ಇದೇ ಮೊದಲು.

ಅಂದಿನ ಬೆಲೆಗಳೇ ಇಂದೂ ಇರುವವೆಂದು ಓದುಗರು ಭಾವಿಸಬಾರದು. ಕೃತಕ ಬುದ್ಧಿಮತ್ತೆಯ ದೊಡ್ಡ ಗಣಕ ಕೇಂದ್ರಗಳ ಬೇಡಿಕೆಯಿಂದಾಗಿ ೨೦೨೫ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ತೀವ್ರವಾಗಿ ಏರಿತು. ಆದುದರಿಂದ ಎರಡು ಮೂರು ಅಂಗಡಿಗಳಲ್ಲಿ ವಿಚಾರಿಸಿ, ಮೊದಲೇ ೮ ಜಿಬಿ ಇರುವ ಯಂತ್ರವನ್ನು ಆರಿಸಿಕೊಳ್ಳುವುದು ಜಾಣತನ. ಬೆಲೆ ಬದಲಾದರೂ ಕ್ರಮ ಬದಲಾಗದು. ಮಕ್ಕಳನ್ನು ಕೂರಿಸಿಕೊಂಡು ಕೆಲಸಗಳ ಪಟ್ಟಿಯನ್ನು ಮೊದಲು ಬರೆಯಿರಿ. ಅದನ್ನು ಕಿಸೆಯಲ್ಲಿಟ್ಟುಕೊಂಡು ಅಂಗಡಿಗೆ ಹೋಗಿರಿ. ಪಟ್ಟಿಯಲ್ಲಿಲ್ಲದುದನ್ನು ಮಾರಲು ಬಂದವರಿಗೆ ವಿನಯದಿಂದಲೇ ಬೇಡವೆನ್ನಿರಿ.