ಕಲಾಕೃತಿಗಳಲ್ಲಿ ಚೌಕ ತ್ರಿಕೋನಗಳನ್ನು ಮಕ್ಕಳಿಗೆ ತೋರಿಸುವ ಬಗೆ

ಮೂರು ಬದಿಗಳುಳ್ಳುದು ತ್ರಿಕೋನವೆಂದು ನಮ್ಮ ಮಕ್ಕಳು ಬೇಗನೆ ಕಲಿಯುತ್ತಾರೆ. ಆದರೆ ಅದನ್ನೇ ತಲೆಕೆಳಗಾಗಿ ಬರೆದು ತೋರಿಸಿದರೆ ಎಷ್ಟೋ ಮಕ್ಕಳು ತ್ರಿಕೋನವಲ್ಲವೆನ್ನುವರು. ಮೂಲೆಯ ಮೇಲೆ ನಿಂತ ಚೌಕವನ್ನು ಚೌಕವೆಂದು ಒಪ್ಪರು. ಪುಸ್ತಕಗಳಲ್ಲಿ ಆಕೃತಿಗಳು ಬಹುಮಟ್ಟಿಗೆ ಒಂದೇ ಭಂಗಿಯಲ್ಲಿರುವುದು ಇದಕ್ಕೊಂದು ಕಾರಣ. ಹಾಲೆಂಡಿನ ಉಪಾಧ್ಯಾಯ ದಂಪತಿಗಳಾದ ಪಿಯರ್ ಮತ್ತು ದೀನಾ ವಾನ್ ಹೀಲೆ ಎಂಬವರು 1957ರಲ್ಲಿ ವಿವರಿಸಿದಂತೆ, ಎಳೆಯ ಮಗು ಆಕೃತಿಯನ್ನು ಒಟ್ಟು ತೋರಿಕೆಯಿಂದ ಗುರುತಿಸುವುದು. ಬದಿ ಮೂಲೆಗಳನ್ನು ವಿಚಾರಿಸಿ ತಿಳಿಯುವುದು ಅದರ ಮೇಲಣ ಮೆಟ್ಟಿಲು. ಈ ಮೆಟ್ಟಿಲನ್ನೇರದ ಮಗುವಿಗೆ ಮುಂದೆ ರೇಖಾಗಣಿತವು ಬರಿಯ ಬಾಯಿಪಾಠವಾಗುವುದು.

ಕಂಪ್ಲಿಯ ಸುತ್ತಿನ ಗೃಹಸ್ಥರಿಗೆ ಈ ಶಿಕ್ಷಣದ ಸಾಮಗ್ರಿ ಹೊಸ್ತಿಲಲ್ಲಿಯೇ ಇದೆ. ರಂಗೋಲಿಯಿಂದ ತೊಡಗೋಣ. ಸಾಲಿಗೆ 3ರಂತೆ 3 ಸಾಲು ಚುಕ್ಕೆಗಳನ್ನಿಟ್ಟು ಹೊರಸುತ್ತನ್ನು ಸೇರಿಸಿದರೆ ಚೌಕವಾಗುವುದು. ನಾಲ್ಕು ಬದಿಗಳ ನಡುವಣ ಚುಕ್ಕೆಗಳನ್ನು ಸೇರಿಸಿದರೆ ಒಳಗೆ ಓರೆಯಾಗಿ ನಿಂತ ಇನ್ನೊಂದು ಚೌಕ, ಮೂಲೆಗಳಲ್ಲಿ 4 ತ್ರಿಕೋನಗಳು. ಹೆಸರನ್ನು ನಾವು ಮೊದಲೇ ಹೇಳಬಾರದು. “ಬದಿಗಳೆಷ್ಟು? ಎಲ್ಲವೂ ಸಮವೇ?” ಎಂದು ಕೇಳುತ್ತ ಮಗುವನ್ನು ರಂಗೋಲಿಯ ಸುತ್ತಲೂ ನಡೆಯಿಸಬೇಕು. ಒಂದೆಡೆಯಿಂದ ಓರೆಯಾಗಿ ಕಂಡುದು ಇನ್ನೊಂದೆಡೆಯಿಂದ ನೆಟ್ಟಗೆ ಕಾಣುವುದು. ಆಮೇಲೆ ಚೌಕವಾದ ಕಾಗದದ ನಾಲ್ಕು ಮೂಲೆಗಳನ್ನೂ ನಡುವಿಗೆ ಮಡಿಸಿದರೆ, ಒಳಚೌಕವು ಹೊರಚೌಕದ ಅರ್ಧವೆಂಬುದು ಮಗುವಿನ ಕೈಗೇ ತಿಳಿಯುವುದು.

ಸಂಡೂರಿನ ಲಂಬಾಣಿ ಹೆಂಗಸರ ಕಸೂತಿಯೂ ಒಳ್ಳೆಯ ಪಾಠವೇ ಸರಿ. ಕನ್ನಡಿಬಿಲ್ಲೆಗಳಲ್ಲಿ ವೃತ್ತ, ತೇಪೆಗಳಲ್ಲಿ ಚೌಕ, ಅಂಚಿನಲ್ಲಿ ತ್ರಿಕೋನಗಳ ಸಾಲು. ಒತ್ತಾಗಿ ನಿಂತ ಎರಡು ತ್ರಿಕೋನಗಳ ನಡುವಣ ಎಡೆಯೂ ಕೆಳಮುಖವಾದ ತ್ರಿಕೋನವೆಂಬುದನ್ನು ಮಗು ತಾನಾಗಿಯೇ ಕಂಡುಕೊಳ್ಳಲಿ.

ರಜೆಯ ದಿನ ಹಂಪೆಗೆ ಹೋಗಬಹುದು. ಅರಮನೆಯ ಆವರಣದಲ್ಲಿ 1980ರ ದಶಕದ ಉತ್ಖನನದಿಂದ ಹೊರಬಂದ ಕರಿಗಲ್ಲಿನ ಪುಷ್ಕರಿಣಿಯು 5 ಅಂತಸ್ತುಗಳ ಚೌಕ. ಅಲ್ಲಿ ಒಂದೊಂದು ಮೆಟ್ಟಿಲೂ ಆಯತ. ಮೆಟ್ಟಿಲುಗಳ ಗುಂಪು ತ್ರಿಕೋನ. ವಿಠಲ ದೇವಾಲಯದ ಕಲ್ಲಿನ ರಥದ ಗಾಲಿಯು ಎದುರು ನಿಂತವರಿಗೆ ವೃತ್ತವಾಗಿಯೂ ಓರೆಯಾಗಿ ನಿಂತವರಿಗೆ ಅಂಡಾಕಾರವಾಗಿಯೂ ತೋರುವುದು. ವಿರೂಪಾಕ್ಷ ದೇವಾಲಯದಲ್ಲಿ ಕಿರಿದಾದ ರಂಧ್ರದ ಮೂಲಕ ಬಂದ ಬೆಳಕು ಮಹಾಗೋಪುರದ ನೆರಳನ್ನು ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುತ್ತದೆ. “ಗೋಪುರ ಬದಲಾಯಿತೇ, ನಿಂತ ರೀತಿ ಬದಲಾಯಿತೇ?” ಎಂದು ಅಲ್ಲಿ ಕೇಳಿದರೆ, ನಾವು ಕಲಿಸಬೇಕೆಂದಿದ್ದ ಪಾಠವನ್ನು ಮಗುವೇ ನಮಗೆ ಹೇಳುವುದು. ಕೆತ್ತನೆಗಳನ್ನು ಮುಟ್ಟಗೊಡದೆ, ಗಾಳಿಯಲ್ಲಿ ಬೆರಳಾಡಿಸಿ ಅಂಚನ್ನು ಬರೆಯುವ ಅಭ್ಯಾಸ ಮಾಡಿಸತಕ್ಕದ್ದು.

ತಪ್ಪು ಹೇಳಿದ ಮಗುವನ್ನು ಗದರಿಸುವುದು ಬೇಡ. “ಇನ್ನೊಮ್ಮೆ ಎಣಿಸು” ಎಂದರೆ ಸಾಕು. ದಿನಕ್ಕೊಂದು ಆಕೃತಿ, ಅದೂ ಆಟದ ಹೊತ್ತಿನಲ್ಲಿ. ಮಗುವಿಗೆ ಬೇಸರ ತೋರಿದೊಡನೆ ನಿಲ್ಲಿಸುವುದು ಮೇಲು.