ಬಳುಕುವ ಅಕ್ಷರಗಳ ಚಹರೆ

ಮದುವೆ ಕಾರ್ಡಿನ ಇಂಗ್ಲಿಷ್ ಪುಟ, ಕೇಕ್ ಅಂಗಡಿಯ ಬೋರ್ಡು, ಕೆಫೆಯ ಮೆನು: ಎಲ್ಲೆಲ್ಲೂ ಕೈಬರಹದಂತೆ ಬಳುಕುವ ಸ್ಕ್ರಿಪ್ಟ್ ಫಾಂಟುಗಳೇ. ಮೇಲ್ನೋಟಕ್ಕೆ ಎಲ್ಲವೂ ಒಂದೇ ತಾಯಿಯ ಮಕ್ಕಳು. ಗುರುತು ಹಿಡಿಯಹೊರಟವರು ದೊಡ್ಡಕ್ಷರದ ಸುರುಳಿಗೆ ಮರುಳಾಗುವುದೇ ಹೆಚ್ಚು. ಗುಟ್ಟು ಇರುವುದು ಸಣ್ಣಕ್ಷರಗಳಲ್ಲಿ, ಅವು ಒಂದಕ್ಕೊಂದು ಕೂಡಿಕೊಳ್ಳುವ ಜಾಗದಲ್ಲಿ.

ಕೂಡುತ್ತವೆಯೇ ಎಂಬುದೇ ಮೊದಲ ಪರೀಕ್ಷೆ. ಮೈಕ್ರೋಸಾಫ್ಟ್ ಆಫೀಸ್ ಜೊತೆ ಬಂದು ನಮ್ಮ ಡಿಟಿಪಿ ಅಂಗಡಿಗಳಲ್ಲಿ ಬೀಡುಬಿಟ್ಟ ಮಾನೋಟೈಪ್ ಕೊರ್ಸಿವಾದಲ್ಲಿ ಅಕ್ಷರಗಳು ವಾಲಿದ್ದರೂ ಬಿಡಿಬಿಡಿ. ಮ್ಯಾಥ್ಯೂ ಕಾರ್ಟರ್ 1960ರ ದಶಕದಲ್ಲಿ ರೂಪಿಸಿದ ಸ್ನೆಲ್ ರೌಂಡ್‌ಹ್ಯಾಂಡ್‌ನಲ್ಲಿ ಮಾತ್ರ ಒಂದಕ್ಷರದ ಬಾಲ ಮುಂದಿನದರ ಮೈಗೆ ಸೇರುತ್ತದೆ. ಇಂಗ್ಲೆಂಡಿನ ಬರವಣಿಗೆ ಮೇಷ್ಟ್ರು ಚಾರ್ಲ್ಸ್ ಸ್ನೆಲ್ ಕೈಬರಹ ಅದಕ್ಕೆ ಮೂಲ. ಸೀಸದ ಮೊಳೆಗಳ ಕಾಲದಲ್ಲಿ ಇದು ಸುಲಭವಿರಲಿಲ್ಲ. ಚೌಕಾಕಾರದ ಮೊಳೆಯಿಂದ ವಾಲಿದಕ್ಷರದ ತುದಿ ಹೊರಚಾಚಿ ಮುರಿಯುತ್ತಿತ್ತು. ಸೀಸದ ಬದಲು ಬೆಳಕಿನಿಂದ ಅಕ್ಷರ ಮೂಡಿಸುವ ಫೋಟೊಟೈಪ್‌ಸೆಟ್ಟಿಂಗ್ ಬಂದಮೇಲೆ ಆ ತೊಡಕು ತಪ್ಪಿತು.

ಕುಂಚದ ಅಕ್ಷರಗಳಲ್ಲಿ ಗೊಂದಲ ಇನ್ನೂ ಜಾಸ್ತಿ. ರಾಬರ್ಟ್ ಸ್ಮಿತ್ ಅವರ 1942ರ ಬ್ರಷ್ ಸ್ಕ್ರಿಪ್ಟ್, ಫ್ರಾನ್ಸಿನ ರೋಜರ್ ಎಕ್ಸ್‌ಕೊಫೊನ್ ಅವರ 1953ರ ಮಿಸ್ತ್ರಾಲ್ ಎರಡೂ ಕೂಡಕ್ಷರಗಳೇ. ಪದದ ಅಡಿಗೊಂದು ಸ್ಕೇಲ್ ಇಟ್ಟು ನೋಡಿದರೆ ವ್ಯತ್ಯಾಸ ಬಯಲಾಗುತ್ತದೆ. ಬ್ರಷ್ ಸ್ಕ್ರಿಪ್ಟ್‌ನ ದಪ್ಪ ಅಕ್ಷರಗಳು ಗೆರೆಯ ಮೇಲೆ ಶಿಸ್ತಾಗಿ ಕೂರುತ್ತವೆ. ಮಿಸ್ತ್ರಾಲ್‌ನವು ಒಂದು ಮೇಲೆ, ಒಂದು ಕೆಳಗೆ. ಮೈ ಚಿಕ್ಕದು, ಕೈಕಾಲು ಉದ್ದ, ಅಂಚು ಒರಟು. ಎಕ್ಸ್‌ಕೊಫೊನ್ ತಮ್ಮ ಸ್ವಂತ ಕೈಬರಹವನ್ನೇ ಅಚ್ಚಿಗಿಳಿಸಿದ್ದರು. ಗುರುತು ಸಿಗದಿದ್ದರೇ ಅಚ್ಚರಿ!

ಎದುರಿಗಿರುವುದು ಫಾಂಟೋ, ಕೈಯಲ್ಲಿ ಬರೆದದ್ದೋ ಎಂಬ ಸಂದೇಹ ಬಂದರೆ ಮರುಕಳಿಸುವ ಅಕ್ಷರಗಳನ್ನು ಹೋಲಿಸಬೇಕು; ಫಾಂಟಾದರೆ ಅವು ಸಾಮಾನ್ಯವಾಗಿ ಪಡಿಯಚ್ಚು. ಕೋಕಾ-ಕೋಲಾ ಹೆಸರಿನ ಎರಡು ‘ಸಿ’ಗಳನ್ನೇ ನೋಡಿ: ಮೊದಲನೆಯದರ ಬಾಲ ಪದದಡಿಯಲ್ಲಿ ಚಾಚಿಕೊಂಡಿದೆ, ಎರಡನೆಯದರ ದಾರಿಯೇ ಬೇರೆ. 1880ರ ದಶಕದಲ್ಲಿ ಅದನ್ನು ಬರೆದವರು ಕಂಪನಿಯ ಲೆಕ್ಕಪತ್ರ ನೋಡುತ್ತಿದ್ದ ಫ್ರ್ಯಾಂಕ್ ರಾಬಿನ್ಸನ್. ಅಲ್ಲಿ ಫಾಂಟೇ ಇಲ್ಲ.

ಈಗಿನ ಫಾಂಟುಗಳು ಈ ಪರೀಕ್ಷೆಗೂ ಚಳ್ಳೆಹಣ್ಣು ತಿನ್ನಿಸುತ್ತವೆ. ಪಾಬ್ಲೊ ಇಂಪಲಾರಿ ಅವರ ಲಾಬ್‌ಸ್ಟರ್‌ನಲ್ಲಿ ಅಕ್ಕಪಕ್ಕದ ಅಕ್ಷರಕ್ಕೆ ತಕ್ಕಂತೆ ಆಕಾರ ತಾನಾಗಿ ಬದಲಾಗುತ್ತದೆ. ಹರ್ಮನ್ ಜಾಫ್ 1998ರಲ್ಲಿ ಹೊರತಂದ ಜಾಫಿನೊ ಇನ್ನೂ ಒಂದು ಹೆಜ್ಜೆ ಮುಂದೆ: ಮ್ಯಾಕ್‌ನಲ್ಲಿ ಆ ಫಾಂಟಿನ ಹೆಸರನ್ನೇ ಟೈಪ್ ಮಾಡಿದರೆ, ಕೊನೆಯ ಅಕ್ಷರ ಒತ್ತುತ್ತಲೇ ಏಳೂ ಇಂಗ್ಲಿಷ್ ಅಕ್ಷರಗಳು ಬೆಸೆದು ಒಂದೇ ಚಿತ್ರವಾಗುತ್ತವೆ.